ಗಂಟೆ ಹೊಡೆಯುವವರೆಗೆ

ಜೂನ್ 9

ಡಾಕ್ಟ್ರಮ್ಮನವರ ಸನ್ನಿಧಾನಕ್ಕೆ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನಿನಗೂ ಗೊತ್ತು. "ಊಟ ಆಯ್ತಾ?" "ಆಯ್ತು." "ಮತ್ತೆ?" "ಮತ್ತೇನಿಲ್ಲ." ಅದರ ಮೇಲೆ ನೀನು ಹೆತ್ತ ತಂದೆಯನ್ನು ನೀವು, ನಿಮ್ಮ ಎಂದು ಬ್ಯಾಂಕಿನ ಕೌಂಟರಿನವರ ಹಾಗೆ ಮಾತಾಡಿಸುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ವಿಷಯಕ್ಕೆ ಬರುತ್ತೇನೆ. ನನಗೆ ಕೆಲಸ ಸಿಕ್ಕಿದೆ. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರೋಗಿಯ ಕೆಲಸ. ವಿದ್ಯಾರ್ಥಿಗಳು ನಿಜವಾದ ರೋಗಿಯನ್ನು ಮುಟ್ಟುವ ಮೊದಲು ಸುಳ್ಳು ರೋಗಿಯ ಮೇಲೆ ಕೈ ಪಳಗಿಸಿಕೊಳ್ಳಬೇಕಂತೆ. ಅದಕ್ಕೆ ನಟನೆ ಬಲ್ಲವರನ್ನು ಹುಡುಕುತ್ತಿದ್ದರು. ನಮ್ಮ ನಾಟಕ ಮಂಡಳಿ ಬಾಗಿಲು ಹಾಕಿದ ಮೇಲೆ ನಾನು ಮನೆಯಲ್ಲಿ ಕೂತು ಗೋಡೆಗೆ ಸಂಭಾಷಣೆ ಒಪ್ಪಿಸುತ್ತಿದ್ದೆ. ಕೇಳಿ ಕೇಳಿ ಸಾಕಾಗಿ ಮೇಲಿನ ಮನೆಯ ಟೈಲರ್ ಈ ಸುದ್ದಿ ತಂದ. ಹೋದೆ. ಅಲ್ಲಿ ದಪ್ಪ ಕನ್ನಡಕದ ಮೇಡಂ ಒಬ್ಬರು, ಪ್ರೊಫೆಸರ್, "ನಿಮಗೆ ಏನು ಚೆನ್ನಾಗಿ ಬರುತ್ತೆ?" ಎಂದು ಕೇಳಿದರು. "ಸಾಯೋದು," ಎಂದೆ. ಸುಳ್ಳೇನಲ್ಲವಲ್ಲ. ನಾನು ಮಂಡಳಿಯಲ್ಲಿದ್ದಷ್ಟು ಕಾಲ ಬೇರೆಯವರು ರಾಜರಾದರು, ನಾನು ಎರಡನೇ ಅಂಕದಲ್ಲಿ ಸತ್ತೆ.

ಈಗ ಕೊಟ್ಟಿರುವ ಪಾತ್ರ ಲಾರಿಯ ಮೇಲಿಂದ ಬಿದ್ದವನದು. ಸೊಂಟದ ಮೂಳೆ ಮುರಿದಿರಬಹುದೆಂದು ಅನುಮಾನ. ವಿವರಣೆಯ ಹಾಳೆ ಕೊಟ್ಟಿದ್ದಾರೆ, ಅರ್ಧ ಅರ್ಥವಾಗಲಿಲ್ಲ. ತಾಲೀಮಿನಲ್ಲಿ ನಾನು ನರಳಿದ್ದು ಕೇಳಿ ಮೇಡಂ, "ಹಿಂದಿನ ಸಾಲಿನವರಿಗೆ ಕೇಳಿಸಬೇಕಾಗಿಲ್ಲ, ಯಜಮಾನ್ರೇ," ಅಂದರು. ನೀನು ಅಪಘಾತ ವಿಭಾಗದಲ್ಲೇ ಇದ್ದೀಯ, ಇಂಥವರನ್ನು ನೋಡುತ್ತಲೇ ಇರುತ್ತೀಯ. ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ, ಡಾಕ್ಟರಾದವರು ಏನು ಮಾಡುತ್ತಾರೆ, ಬರೆದು ತಿಳಿಸು. ತಪ್ಪು ಸಾವು ಸಾಯಲು ನನಗೆ ಇಷ್ಟವಿಲ್ಲ.

ಇತಿ,
ಅಪ್ಪ


ಜೂನ್ 24

ಅಪ್ಪನಿಗೆ,

ನಿಮ್ಮ ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಸೊಂಟದ ಮೂಳೆ ಎಂದರೆ ಒಂದು ಮೂಳೆಯಲ್ಲ, ಕೆಲವು ಮೂಳೆಗಳು ಸೇರಿ ಆದ ಉಂಗುರ. ಗಾಜಿನ ಬಳೆಯ ಹಾಗೆ ಅದು ಒಂದೇ ಕಡೆ ಒಡೆಯುವುದು ಅಪರೂಪ. ಒಂದು ಕಡೆ ಒಡೆದಿದ್ದರೆ ಇನ್ನೊಂದು ಕಡೆಯೂ ಹುಡುಕಬೇಕು. ಉಂಗುರದ ಒಳಗೋಡೆಗೆ ಅಂಟಿಕೊಂಡು ರಕ್ತನಾಳಗಳಿವೆ. ಅದು ಒಡೆದು ಅಗಲವಾದರೆ ಒಳಗೇ ಸುರಿಯುತ್ತದೆ. ಹೊರಗೆ ಒಂದು ಹನಿಯೂ ಕಾಣದೆ ಮನುಷ್ಯ ಸಾಯುವಷ್ಟು ರಕ್ತವನ್ನು ತನ್ನೊಳಗೇ ಕಳೆದುಕೊಳ್ಳಬಹುದು.

ಆದ್ದರಿಂದ ಈ ಪರೀಕ್ಷೆ ಬಹುಪಾಲು ಕಣ್ಣಿನದು ಮತ್ತು ಕಿವಿಯದು. ಹೇಗೆ ಬಿದ್ದರು, ಎಲ್ಲಿ ನೋವು ಎಂದು ಕೇಳಬೇಕು. ಬಟ್ಟೆಯನ್ನು ಎಳೆಯದೆ ಕತ್ತರಿಸಿ ತೆಗೆಯಬೇಕು. ಕಾಲುಗಳು ಸಮ ಉದ್ದವಿವೆಯೇ, ಒಂದು ಪಾದ ಹೊರಕ್ಕೆ ವಾಲಿದೆಯೇ, ಸೊಂಟದ ಪಕ್ಕದಲ್ಲೋ ತೊಡೆಗಳ ನಡುವೆಯೋ ಕಂದಿದೆಯೇ, ಮೂತ್ರ ಬರುವಲ್ಲಿ ರಕ್ತ ಕಾಣುತ್ತಿದೆಯೇ ನೋಡಬೇಕು. ಕಾಲ್ಬೆರಳು ಆಡಿಸಲು ಹೇಳಿ, ಪಾದದ ನಾಡಿ ಹಿಡಿದು ನೋಡಬೇಕು. ಮಗ್ಗುಲಿಗೆ ಹೊರಳಿಸಬಾರದು. ಕೈಯ ಕೆಲಸ ಕೊನೆಯದು, ಅದೂ ಅನುಮಾನ ಉಳಿದಿದ್ದರೆ ಮಾತ್ರ. ಎರಡು ಅಂಗೈಗಳನ್ನು ಸೊಂಟದ ಎರಡೂ ಕಡೆಯ ಮೂಳೆಯ ಅಂಚಿನ ಮೇಲಿಟ್ಟು ಮೆಲ್ಲಗೆ ಒಳಕ್ಕೆ ಒತ್ತುವುದು. ಒಂದೇ ಸಲ. ಹಿಂದಿನವರು ಮೇಜು ಭದ್ರವಾಗಿದೆಯೇ ಎಂದು ನೋಡುವ ಹಾಗೆ ಅಲುಗಾಡಿಸಿ ನೋಡುತ್ತಿದ್ದರು. ಈಗ ಹಾಗೆ ಮಾಡಬಾರದು. ಒಳಗೆ ಹೆಪ್ಪುಗಟ್ಟಿದ ರಕ್ತವೇ ಒಡೆದ ನಾಳಕ್ಕೆ ಬಿರಡೆಯಾಗಿ ಕೂತಿರುತ್ತದೆ. ಮತ್ತೆ ಮತ್ತೆ ಒತ್ತಿದರೆ ಬಿರಡೆ ಕಿತ್ತು ಬರುತ್ತದೆ. ಆಮೇಲೆ ಅಗಲವಾದ ಪಟ್ಟಿ ಬಿಗಿಯುತ್ತೇವೆ. ಬೆಲ್ಟ್ ಕಟ್ಟುವ ಜಾಗದಲ್ಲಲ್ಲ, ಇನ್ನೂ ಕೆಳಗೆ, ತೊಡೆಮೂಳೆಯ ಮೇಲ್ತುದಿಯ ಗಂಟು ಕೈಗೆ ಸಿಗುವ ಮಟ್ಟದಲ್ಲಿ.

ನಿಮ್ಮ ಪಾತ್ರದ ಬಗ್ಗೆ. ಇಂಥವರು ಕೂಗಾಡುವುದು ಕಡಿಮೆ. ಅಲುಗಿದರೆ ನೋವು ಎಂದು ಕಲ್ಲಿನ ಹಾಗೆ ಮಲಗಿರುತ್ತಾರೆ. ರಕ್ತ ಇಳಿಯುತ್ತ ಬಂದಂತೆ ನೀರು ಕೇಳುತ್ತಾರೆ, ಆಕಳಿಸುತ್ತಾರೆ, ಕಾರಣವಿಲ್ಲದೆ ಚಡಪಡಿಸುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಸುಮ್ಮನಾದಾಗ ನಾವು ಓಡುತ್ತೇವೆ.

ಉಳಿದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಮಗಳು


ಜುಲೈ 20

ಡಾಕ್ಟ್ರಮ್ಮನಿಗೆ,

ನಿನ್ನ ಕಾಗದವನ್ನು ಬಾಯಿಪಾಠ ಮಾಡಿದೆ. ಆಕಳಿಕೆಗೆ ಮೇಡಂ ಮಾರುಹೋದರು. "ಇದನ್ನ ಎಲ್ಲಿ ಕಲಿತ್ರಿ?" ಎಂದು ಕೇಳಿದರು. "ಮನೇಲೇ ಒಬ್ರು ಇದ್ದಾರೆ," ಎಂದೆ. ಮನೆಯಲ್ಲೇ ಎಂಬುದು ಬಾಯಿತಪ್ಪಿ ಬಂತು, ಹೊಟ್ಟೆಗೆ ಹಾಕಿಕೋ.

ಕೆಲಸದ ಜಾಗ ಹೇಳುತ್ತೇನೆ. ಉದ್ದನೆಯ ಕೋಣೆ, ಸಾಲಾಗಿ ಮಂಚ, ಮಂಚಮಂಚಕ್ಕೂ ಹಸಿರು ಪರದೆ. ನನ್ನ ಪಕ್ಕದಲ್ಲಿ ಎದೆನೋವಿನವನು, ಅಸಲಿಗೆ ನಿವೃತ್ತ ಪೋಸ್ಟ್‌ಮ್ಯಾನ್. ಅದರಾಚೆ ಹೊಟ್ಟೆನೋವಿನ ಹೆಂಗಸು, ಸಂಗೀತದ ಟೀಚರ್. ಬಿಡುವಿನಲ್ಲಿ ಮೂವರೂ ಕೂತು ಚಹಾ ಕುಡಿಯುತ್ತೇವೆ. ಕುರ್ಚಿ ಒಂದೇ ಇರುವುದು. ಸಾಯುವವನು ನಾನೊಬ್ಬನೇ ಆದ್ದರಿಂದ ಅದು ನನಗೆ.

ಪದ್ಧತಿ ಹೀಗೆ. ವಿದ್ಯಾರ್ಥಿ ಒಳಗೆ ಬರುತ್ತಾನೆ, ಕೇಳುತ್ತಾನೆ, ನೋಡುತ್ತಾನೆ. ಒಂದು ಸಲ ಮೆಲ್ಲಗೆ ಒತ್ತಿದರೆ ನಾನು ಹಲ್ಲು ಕಚ್ಚಿ "ಅಮ್ಮಾ" ಎನ್ನುತ್ತೇನೆ, ಅಷ್ಟೆ. ಎರಡನೇ ಸಲ ಒತ್ತಿದನೋ, ಆಕಳಿಸುತ್ತೇನೆ, ನೀರು ಕೇಳುತ್ತೇನೆ, ಸುಮ್ಮನಾಗುತ್ತೇನೆ, ಸಾಯುತ್ತೇನೆ. ಬಾಗಿಲಲ್ಲಿ ನಿಂತ ಅಟೆಂಡರ್ ಸ್ವಲ್ಪ ಹೊತ್ತು ಬಿಟ್ಟು ಗಂಟೆ ಹೊಡೆಯುತ್ತಾನೆ. ಅಲ್ಲಿಯವರೆಗೆ, ಏನೇ ಆಗಲಿ, ಸತ್ತವನು ಕಣ್ಣು ಬಿಡಬಾರದು. ತಾವು ಕೊಂದ ಹೆಣದ ಪಕ್ಕದಲ್ಲಿ ಒಂದಷ್ಟು ಹೊತ್ತು ನಿಲ್ಲಲಿ ಎಂದು ಮೇಡಂ ಮಾಡಿರುವ ನಿಯಮ. ಕತ್ತಿಯಿಂದ ಸತ್ತಿದ್ದೇನೆ, ವಿಷ ಕುಡಿದು ಸತ್ತಿದ್ದೇನೆ, ಅಂಗೈಯಿಂದ ಸಾಯುತ್ತಿರುವುದು ಇದೇ ಮೊದಲು.

ಮಕ್ಕಳೂ ತರಾವರಿ. ಒಬ್ಬ "ಮುಟ್ಟಬಹುದಾ ಸಾರ್, ಮುಟ್ಟಬಹುದಾ ಸಾರ್" ಎಂದು ಕೇಳಿ ಕೇಳಿ ಮುಟ್ಟದೆಯೇ ಹೋದ. ಇನ್ನೊಬ್ಬ ಹಾಸಿಗೆ ಕೊಳ್ಳಲು ಬಂದವನಂತೆ ಒತ್ತಿದ. ದೊಡ್ಡ ವಾಚಿನ ಹುಡುಗಿ ಒಬ್ಬಳಿದ್ದಾಳೆ, ಅವಳಪ್ಪನ ವಾಚೇ ಇರಬೇಕು, ಮಣಿಕಟ್ಟಿನಲ್ಲಿ ಗಿರಗಿರ ತಿರುಗುತ್ತದೆ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಕೊನೆಗೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಬಾರದೆ ಇನ್ನೊಮ್ಮೆ ಒತ್ತಿದಳು. ಸತ್ತೆ.

ನೀನೊಮ್ಮೆ ಬಂದು ನೋಡಬೇಕು. ನೀನು ನನ್ನ ಪಾತ್ರ ನೋಡಿದ್ದು ಯಾವ ಕಾಲದಲ್ಲೋ. ನಾಟಕವಿದ್ದ ದಿನವೇ ನಿನಗೆ ಜ್ವರ ಬರುತ್ತಿತ್ತು. ನಿನ್ನ ಅಮ್ಮ ಇರುವವರೆಗೂ ಅದನ್ನೇ ಹೇಳುತ್ತಿದ್ದಳು.

ಇತಿ,
ಅಪ್ಪ


ಸೆಪ್ಟೆಂಬರ್ 2

ಅಪ್ಪನಿಗೆ,

ನನಗೆ ಜ್ವರ ಬರುತ್ತಿರಲಿಲ್ಲ. ಅಮ್ಮ ಹಾಗೆ ಹೇಳುತ್ತಿದ್ದಳು.

ನಾನಾಗ ಒಂದನೇ ಕ್ಲಾಸು. ನಿಮ್ಮದು ಸೇನಾಪತಿಯ ಪಾತ್ರ. ಈಟಿ ತಗುಲಿ ಬಿದ್ದಿರಿ. ನಾನು ಅಮ್ಮನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಬಂದು ನಿಮ್ಮ ಭುಜ ಹಿಡಿದು ಅಲುಗಾಡಿಸಿದೆ. ಜನ ಮೊದಲು ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ನಾಟಕದಲ್ಲೇ ಇದೆ ಎಂದುಕೊಂಡಿರಬೇಕು. ನಿಮ್ಮ ಎದೆ ಏರಿಳಿಯುತ್ತಿತ್ತು. ಕಿವಿ ಇಟ್ಟು ಕೇಳಿದೆ. ನಾನು ಮಾಡಿದ ಮೊದಲ ದೇಹಪರೀಕ್ಷೆ ಅದು. ಬದುಕಿದ್ದೀರಿ ಎಂದು ಗೊತ್ತಾಯಿತು. ಬದುಕಿದ್ದೂ ಕಣ್ಣು ಬಿಡುತ್ತಿಲ್ಲ ಎಂದೂ ಗೊತ್ತಾಯಿತು. ಪರದೆ ಎಳೆಯುವವನು ಬಂದು ನನ್ನನ್ನು ಎತ್ತಿಕೊಂಡು ಹೋದ.

ಇದನ್ನು ದೂರೆಂದು ಬರೆಯುತ್ತಿಲ್ಲ. ನೀವು ಜ್ವರದ ಮಾತು ಎತ್ತಿದ್ದರಿಂದ ಬರೆದೆ.

ಇಲ್ಲಿ ಕೆಲಸ ಜಾಸ್ತಿ ಇದೆ. ನೀವು ಚಹಾ ಕಡಿಮೆ ಮಾಡಿ.

ನಿಮ್ಮ ಮಗಳು


ಸೆಪ್ಟೆಂಬರ್ 18

ಮಗಳೇ,

ಕಾಗದ ಬಂತು. ಕಣ್ಣು ಬಿಟ್ಟಿದ್ದರೆ ನಾಟಕ ಕೆಟ್ಟುಹೋಗುತ್ತಿತ್ತು. ಜನ ನಗುತ್ತಿದ್ದರು.

ಕಾಲೇಜಿಗೆ ಈಗ ರಜೆ. ಹಸಿರು ಪರದೆಗಳನ್ನು ಒಗೆಯಲು ಹಾಕಿದ್ದಾರೆ. ಚಹಾ ಕಡಿಮೆ ಮಾಡಿದ್ದೇನೆ.

ಅಪ್ಪ


ಅಕ್ಟೋಬರ್ 1

ಅಪ್ಪನಿಗೆ,

ಜನ ಹೇಗೂ ನಕ್ಕರು.

ನಿಮ್ಮ ಮಗಳು


ನವೆಂಬರ್ 26

ಅಪ್ಪನಿಗೆ,

ಇದನ್ನು ಯಾರಿಗೆ ಬರೆಯಬೇಕೆಂದು ತಿಳಿಯಲಿಲ್ಲ. ಈ ಪರೀಕ್ಷೆಯ ಬಗ್ಗೆ ನಾನು ಇಷ್ಟು ವಿವರವಾಗಿ ಬರೆದದ್ದು ನಿಮಗೊಬ್ಬರಿಗೇ, ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಬ್ಬರನ್ನು ಕರೆತಂದರು. ಲಿಫ್ಟ್ ರಿಪೇರಿ ಮಾಡುವವರು, ನಡುವಯಸ್ಸು. ಕೆಲಸ ಮಾಡುತ್ತಿದ್ದಾಗ ಲಿಫ್ಟಿನ ಗುಂಡಿಗೆ ಬಿದ್ದಿದ್ದರು. ಎಚ್ಚರವಿತ್ತು. "ಲಿಫ್ಟ್ ಮೇಲಕ್ಕೆ ಹೋಯ್ತು ಮೇಡಂ, ನಾನು ಕೆಳಕ್ಕೆ ಬಂದೆ," ಎಂದರು. ಬಲಪಾದ ಹೊರಕ್ಕೆ ವಾಲಿತ್ತು. ಆಂಬುಲೆನ್ಸಿನವರು ಪಟ್ಟಿ ಬಿಗಿದೇ ತಂದಿದ್ದರು, ಸರಿಯಾದ ಜಾಗದಲ್ಲೇ.

ಬಾಗಿಲಲ್ಲಿ ಅವರನ್ನು ಬರಮಾಡಿಕೊಂಡ ಡಾಕ್ಟರು ಪಟ್ಟಿ ಸಡಿಲಿಸಿ ಒಂದು ಸಲ ಮೆಲ್ಲಗೆ ಒತ್ತಿ ನೋಡಿ ಮತ್ತೆ ಬಿಗಿದರು. ಆಮೇಲೆ ನಾನು ಬಂದೆ. ಪಟ್ಟಿ ಸಡಿಲಿಸಿದೆ, ಒಂದು ಸಲ ಮೆಲ್ಲಗೆ ಒತ್ತಿದೆ, ಬಿಗಿದೆ. ಸರ್ಜನ್ ಬಂದರು. ಅವರೂ ಒಂದೇ ಸಲ. ಕೊನೆಗೆ ಮೂಳೆಯ ಡಾಕ್ಟರು ಬಂದರು. ನಮ್ಮಲ್ಲಿ ಯಾರೂ ಜೋರಾಗಿ ಒತ್ತಲಿಲ್ಲ. ಯಾರೂ ಎರಡನೇ ಸಲ ಒತ್ತಲಿಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ ಎಂದಲ್ಲ. ನಮ್ಮ ಕಸುಬಿನಲ್ಲಿ ತನ್ನ ಕೈಯಿಂದ ನೋಡದಿದ್ದರೆ ನೋಡಿದ ಹಾಗೆ ಅಲ್ಲ ಎಂದು ಕಲಿಸಿರುತ್ತಾರೆ. ಅದನ್ನು ಒಳ್ಳೆಯ ಅಭ್ಯಾಸ ಎನ್ನುತ್ತಾರೆ.

ಮೂಳೆಯ ಡಾಕ್ಟರು ಕೈ ತೊಳೆಯುತ್ತಿದ್ದಾಗ ಲಿಫ್ಟಿನವರು ಆಕಳಿಸಿದರು. ನೀರು ಕೇಳಿದರು. ನಾನು ನಿಮಗೆ ಬರೆದ ಹಾಗೆಯೇ, ಅದೇ ಕ್ರಮದಲ್ಲಿ. ಆಪರೇಷನ್ ಕೋಣೆಗೆ ಒಯ್ದೆವು. ಉಳಿಯಲಿಲ್ಲ.

ಒತ್ತಿದ್ದರಿಂದಲೇ ಹೋದರು ಎಂದು ಹೇಳಲಾಗದು. ಅಲ್ಲವೆಂದೂ ಹೇಳಲಾಗದು. ವಿಚಾರಣೆ ನಡೆಯಿತು, ಎಲ್ಲರೂ ನಿಯಮ ಪಾಲಿಸಿದ್ದಾರೆ ಎಂದು ತೀರ್ಮಾನವಾಯಿತು. ನಿಜವೇ. ತೀರಿಕೊಂಡವರ ಹೆಂಡತಿ ಬಂದು, "ಅವರನ್ನ ನೋಡಿದ್ದು ಯಾರು?" ಎಂದು ಕೇಳಿದಳು. ನಾವು ನಾಲ್ವರೂ ಅಲ್ಲೇ ಇದ್ದೆವು.

ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಕಚೇರಿಯಲ್ಲಿ ಒಂದು ಜಾಗ ಖಾಲಿಯಿದೆ. ಅದಕ್ಕೆ ಅರ್ಜಿ ಹಾಕಿದ್ದೇನೆ. ಮಾರ್ಚಿನಿಂದ ಅಲ್ಲಿಗೆ ಹೋಗಬಹುದು. ಅಲ್ಲಿಗೆ ಬರುವವರ ಮೂಳೆ ಆಗಲೇ ಕೂಡಿಕೊಂಡಿರುತ್ತದೆ. ಮತ್ತೆ ಅಪಘಾತ ವಿಭಾಗಕ್ಕೆ ಬರುವ ಯೋಚನೆ ಇಲ್ಲ.

ನಿಮ್ಮ ಮಗಳು


ಡಿಸೆಂಬರ್ 15

ಮಗಳೇ,

ನಿನ್ನ ಕಾಗದ ಓದಿದೆ. ನಿನ್ನ ಕೈಗುಣ ಒಳ್ಳೆಯದು, ತಲೆ ಕೆಡಿಸಿಕೊಳ್ಳಬೇಡ ಎಂದು ಬರೆಯಬಹುದಿತ್ತು. ಬರೆದರೆ ನೀನು ಕಾಗದವನ್ನು ಮಡಿಸಿ ಕಸದ ಬುಟ್ಟಿಗೆ ಹಾಕುತ್ತೀಯ. ಆ ಕಚೇರಿಗೆ ಹೋಗಬೇಡ ಎಂದು ನಾನು ಯಾವ ಬಾಯಿಂದ ಹೇಳಲಿ.

ಬೇರೇನೂ ತೋಚದೆ ಮೇಡಂ ಹತ್ತಿರ ಹೋದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಹೀಗೊಂದು ಕಡೆ ನಾಲ್ವರು ಒಂದೊಂದೇ ಸಲ ಒತ್ತಿದರಂತೆ, ನಿಮ್ಮ ಪರೀಕ್ಷೆಯಲ್ಲಾಗಿದ್ದರೆ ನಾಲ್ವರೂ ಪಾಸಾಗುತ್ತಿದ್ದರಲ್ಲ ಎಂದು ಕೇಳಿದೆ. ನಾಟಕದಲ್ಲಿ ದೂತ ಓಡಿ ಬಂದು "ಕೋಟೆ ಬಿತ್ತು" ಎಂದರೆ ಮುಗಿಯಿತು. ರಾಜ, ಮಂತ್ರಿ, ಸೇನಾಪತಿ ಒಬ್ಬೊಬ್ಬರಾಗಿ ಹೊರಗೆ ಹೋಗಿ ಕೋಟೆ ನೋಡಿಕೊಂಡು ಬರುವುದಿಲ್ಲ. ಆದರೆ ದೂತ ಅದನ್ನು ಗಟ್ಟಿಯಾಗಿ ಹೇಳಬೇಕು, ಎಂದೆ. ಮೇಡಂ ಕನ್ನಡಕ ಒರೆಸಿಕೊಂಡು, "ಆಸ್ಪತ್ರೆ ನಾಟಕ ಅಲ್ಲ, ಯಜಮಾನ್ರೇ. ಪರೀಕ್ಷೆ ಒಬ್ಬೊಬ್ಬರಿಗೆ ಇರೋದು, ಗುಂಪಿಗಲ್ಲ," ಅಂದರು. ನನ್ನ ಮಂಚಕ್ಕೆ ವಾಪಸ್ ಹೋಗಿ ಮಲಗಿದೆ.

ಮುಂದಿನ ವಾರ ಅವರೇ ನನ್ನ ಮಂಚದ ಹತ್ತಿರ ಬಂದು ನಿಂತರು. "ನಾನು ಕೆಲಸ ಮಾಡಿದ ಕಡೇನೂ ಹಾಗೇ ಒತ್ತುತಿದ್ವಿ," ಎಂದರು. ಅಷ್ಟೇ ಹೇಳಿದ್ದು. ಈಗ ನಾಲ್ವರನ್ನು ಒಬ್ಬರ ಹಿಂದೊಬ್ಬರಂತೆ ಬಿಡುತ್ತಾರೆ, ಆಸ್ಪತ್ರೆಯಲ್ಲಿ ಬರುವ ಹಾಗೆ. ಎರಡನೇ ಸಲ ಯಾರ ಕೈ ಬಿದ್ದರೂ ನಾನು ಸಾಯುತ್ತೇನೆ, ನಾಲ್ವರೂ ಫೇಲು. ಮೊದಲನೆಯವರು ನೋಡಿದ್ದನ್ನು ಗಟ್ಟಿಯಾಗಿ ಹೇಳಬೇಕು, ಆಮೇಲೆ ಬಂದವರು ಕೇಳಿ ತಿಳಿದು ಕೈ ಕಟ್ಟಿಕೊಳ್ಳಬೇಕು.

ಯಾವ ಗುಂಪೂ ಇನ್ನೂ ಪಾಸಾಗಿಲ್ಲ. ಮೊದಲ ದಿನ ನಾನು ಎಷ್ಟು ಸಲ ಸತ್ತೆ ಎಂದರೆ ಪೋಸ್ಟ್‌ಮ್ಯಾನ್ ಬಂದು "ನೀನೇ ಪೂರ್ತಿ ಸತ್ತರೆ ನಮಗೇನು ಉಳೀತು," ಎಂದು ರೇಗಿಸಿದ. "ನಾನು ಒಂದೇ ಸಲ ಒತ್ತಿದ್ದು," "ನಾನೂ ಒಂದೇ ಸಲ," ಎಂದು ಮಕ್ಕಳು ನನ್ನ ಹೆಣದ ಮೇಲೆ ಜಗಳವಾಡುತ್ತಾರೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿರುತ್ತೇನೆ.

ಜನವರಿಯ ಪರೀಕ್ಷೆಗೆ ಹೊರಗಿನ ಡಾಕ್ಟರೊಬ್ಬರನ್ನು ಕರೆಯುತ್ತಾರಂತೆ. ನಿನ್ನ ಹೆಸರು ಕೊಟ್ಟಿದ್ದೇನೆ. ಸಿಟ್ಟು ಮಾಡಿಕೋ, ಆದರೆ ಆ ಕಚೇರಿಗೆ ಹೋಗುವ ಮೊದಲು ಒಂದು ಸಲ ಬಾ.

ಅಪ್ಪ


ಡಿಸೆಂಬರ್ 28

ಅಪ್ಪನಿಗೆ,

ಕಾಲೇಜಿನ ಪತ್ರ ಬಂದಿದೆ. ಬರುತ್ತೇನೆ. ಅಂದೇ ಸಂಜೆಯ ಬಸ್ಸಿಗೆ ವಾಪಸ್ ಹೊರಡಬೇಕು.

ಒಂದು ಮಾತು. ನಾನಿದ್ದೇನೆ ಎಂದು ನೀವು ಕಣ್ಣು ಬಿಡಬೇಡಿ. ಅವರು ಅತ್ತರೂ, ಅಲುಗಾಡಿಸಿದರೂ, ಏನೇ ಮಾಡಿದರೂ ಗಂಟೆ ಹೊಡೆಯುವವರೆಗೆ ಬಿಡಬೇಡಿ. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಯಾರೂ ಮೊದಲೇ ಹೀಗೆ ಸತ್ತು ತೋರಿಸಿರಲಿಲ್ಲ.

ನಿಮ್ಮ ಮಗಳು


ಜನವರಿ 20

ಮಗಳೇ,

ನೀನು ಬಂದು ಹೋಗಿ ವಾರವಾಯಿತು. ಚಹಾ ಕುಡಿಯುವಾಗ ನಾವಿಬ್ಬರೂ ಬಸ್ಸಿನ ವೇಳೆಯ ಬಗ್ಗೆಯೇ ಮಾತಾಡಿದೆವು. ಆದ್ದರಿಂದ ಉಳಿದದ್ದನ್ನು ಬರೆಯುತ್ತೇನೆ. ನೀನು ಕಣ್ಣಿನಿಂದ ನೋಡಿದೆ. ನಾನು ಸತ್ತಿದ್ದೆನಾದ್ದರಿಂದ ಕಿವಿಯಿಂದ ಕೇಳಿದ್ದು.

ಮೊದಲ ಹುಡುಗ ಒಂದು ಸಲ ಒತ್ತಿ ಸರಿಯಾಗಿಯೇ ನೋಡಿದ. ನೋಡಿ, "ಅಗಲವಾಗಿದೆ" ಎಂದು ತನ್ನ ಅಂಗಿಯ ಗುಂಡಿಗೆ ಹೇಳಿಕೊಂಡ. ಎರಡನೆಯವಳು ದೊಡ್ಡ ವಾಚಿನವಳು ಎಂದು ನೋವಿಗೆ ಮುಚ್ಚಿದ ಕಣ್ಣು ಬಿಡುವ ಮೊದಲೇ ಗೊತ್ತಾಯಿತು, ವಾಚಿನ ಸರಪಳಿ ಕಿಣಿಕಿಣಿ ಎನ್ನುತ್ತದೆ. ಈ ಸಲ ಅವಳು ತನ್ನ ಕೈಯನ್ನು ನಂಬಿದಳು. ಒಂದೇ ಸಲ, ಮೆಲ್ಲಗೆ, ಬೆಣ್ಣೆ ಮುಟ್ಟಿದ ಹಾಗೆ ಒತ್ತಿದಳು. ಎಷ್ಟು ಚೆನ್ನಾಗಿ ಒತ್ತಿದಳೆಂದರೆ ಅವಳನ್ನು ಫೇಲು ಮಾಡಲು ನನಗೆ ಮನಸ್ಸೇ ಬರಲಿಲ್ಲ. ಆಕಳಿಸಿದೆ. ನೀರು ಕೇಳಿದೆ. ಸುಮ್ಮನಾದೆ.

"ನಾನು ಒಂದೇ ಸಲ ಅಲ್ವಾ ಒತ್ತಿದ್ದು," ಎಂದಳು. ಆಮೇಲೆ ಭುಜ ಹಿಡಿದು ಅಲುಗಾಡಿಸಿದಳು. "ಸಾರ್, ಎದ್ದೇಳಿ ಸಾರ್. ಸಾರ್." ಅಳುತ್ತಿದ್ದಳು. ಅವಳಿಗೆ ಇದೇ ಕೊನೆಯ ಅವಕಾಶವಂತೆ, ಆಮೇಲೆ ತಿಳಿಯಿತು. ನನ್ನ ರೆಪ್ಪೆ ನಡುಗಿತು. ಗಂಟೆ ಹೊಡೆಯುವ ಅಟೆಂಡರ್ ಎಲ್ಲಿ ಸತ್ತ ಎಂದುಕೊಂಡೆ.

ಆಗ ಇನ್ನೊಂದು ಕೈ ಬಂದು ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಿತು. ನಿನ್ನ ದನಿ ಕೇಳಿಸಿತು. "ಉಸಿರಾಡ್ತಿದ್ದಾರೆ, ನೋಡು. ಆದ್ರೆ ಗಂಟೆ ಹೊಡೆಯೋವರೆಗೆ ಏಳಲ್ಲ. ಅದು ಅವರ ಕೆಲಸ. ನಿನ್ನ ಕೆಲಸ ಏನಿತ್ತು, ಹೇಳು." ಅವಳು ಮೂಗು ಒರೆಸಿಕೊಂಡು, "ಮುಂಚೆ ನೋಡಿದವ್ರನ್ನ ಕೇಳ್ಬೇಕಿತ್ತು," ಎಂದಳು. "ಅವರು ಹೇಳ್ದೇ ಇದ್ರೆ?" "ಹೇಳೋವರೆಗೂ ಬಿಡಬಾರ್ದಿತ್ತು." "ಸರಿ. ಮರಿಬೇಡ," ಎಂದೆ ನೀನು. ನಿನ್ನ ದನಿ ಆಗ ಸ್ವಲ್ಪ ಒಡೆಯಿತು. ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ದನಿಯ ವಿಷಯದಲ್ಲಿ ನನ್ನ ಕಿವಿ ಹಳೆಯದು.

ನಿನ್ನ ಬೆರಳು ಗಂಟೆ ಹೊಡೆಯುವವರೆಗೂ ಅಲ್ಲೇ ಇತ್ತು. ನಾಡಿ ನೋಡಲು ಅಷ್ಟು ಹೊತ್ತು ಬೇಡವೆಂದು ನನಗೂ ಗೊತ್ತು.

ನೀನು ಒಂದನೇ ಕ್ಲಾಸಿನಲ್ಲಿದ್ದಾಗಿನ ಆ ದಿನ ಬಂದ ಕೈ ಇದಕ್ಕಿಂತ ಚಿಕ್ಕದು. ನೀನು ಏನೋ ಸಿಹಿ ತಿಂದಿದ್ದೆ, ಬೆರಳು ಅಂಟುತ್ತಿತ್ತು. ಯಾರ ಕೈ ಎಂದು ನನಗೆ ಗೊತ್ತಿತ್ತು. ನಾಟಕ ಕೆಡುತ್ತದೆ, ಜನ ನಗುತ್ತಾರೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳಲ್ಲ. ಆದರೆ ಇದೂ ಇದೆ: ಆ ಹೊತ್ತಿನಲ್ಲಿ ನನಗೆ, ನನ್ನ ಮಗಳೇ ನಂಬುವಷ್ಟು ಚೆನ್ನಾಗಿ ಸತ್ತಿದ್ದೇನೆ ಎಂದು ಹೆಮ್ಮೆಯಾಗಿತ್ತು. ಆಮೇಲೆ ಬಣ್ಣ ಒರೆಸಿಕೊಂಡು ಮನೆಗೆ ಬಂದಾಗ ನೀನು ಮಲಗಿದ್ದೆ. ಮಲಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕಚೇರಿಯ ಅರ್ಜಿ ಏನಾಯಿತು ಎಂದು ನಾನು ಕೇಳುವುದಿಲ್ಲ. ದೊಡ್ಡ ವಾಚಿನವಳಿಗೆ ಮೇಡಂ ಇನ್ನೊಂದು ಅವಕಾಶ ಕೊಟ್ಟರು. ಈ ಸೋಮವಾರ ಅವಳು ಮೊದಲನೆಯವಳಾಗಿ ಬಂದು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಪಕ್ಕದ ಪರದೆಯೊಳಗೆ ಪೋಸ್ಟ್‌ಮ್ಯಾನ್ ಎದೆನೋವು ಮರೆತು ಎದ್ದು ಕೂತ. ಆ ದಿನ ನಾನು ಸಾಯಲಿಲ್ಲ. ಮಾಡಲು ಕೆಲಸವೇ ಇಲ್ಲದೆ ಸುಮ್ಮನೆ ಮಲಗಿದ್ದೆ.

ಅಪ್ಪ


ಫೆಬ್ರವರಿ 27

ಅಪ್ಪ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಮೂರು ನಾಲ್ಕು ಸಲ ಎದ್ದುಹೋದೆ. ಹೌದು, ನಾನು ಮಲಗಿರಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದೆ, ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

ಅರ್ಜಿ ವಾಪಸ್ ತೆಗೆದುಕೊಂಡೆ. ಹೇಗೆಂದು ಬರೆಯುತ್ತೇನೆ.

ಕಳೆದ ವಾರ ಕಟ್ಟಡಕ್ಕೆ ಬಣ್ಣ ಹೊಡೆಯುವವರೊಬ್ಬರನ್ನು ತಂದರು. ಹಲಗೆ ಮುರಿದು ಬಿದ್ದಿದ್ದರು. ಕೈಗೆ, ಕೂದಲಿಗೆ ಬಿಳಿ ಬಣ್ಣ. ಈ ಸಲ ಬಾಗಿಲಲ್ಲಿ ನಾನೇ ಇದ್ದೆ. ಪಟ್ಟಿ ಬಿಗಿದಿತ್ತು. ಒಂದು ಕಾಲು ಗಿಡ್ಡವಾಗಿತ್ತು, ತೊಡೆಯ ಸಂದಿನಲ್ಲಿ ಕಂದಿತ್ತು. ಅಷ್ಟು ಕಂಡ ಮೇಲೆ ಒತ್ತುವ ಅಗತ್ಯವೇ ಇರಲಿಲ್ಲ, ಒತ್ತಲಿಲ್ಲ. ಗಟ್ಟಿಯಾಗಿ ಹೇಳಿದೆ. "ಸೊಂಟದ ಉಂಗುರ ಮುರಿದಿದೆ. ನಾನು ನೋಡಿದ್ದೀನಿ. ಇನ್ಯಾರೂ ಒತ್ತಬೇಡಿ, ಪಟ್ಟಿ ಬಿಚ್ಚಬೇಡಿ." ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಮ್ಮಲ್ಲಿ ಯಾರೂ ಹಾಗೆ ಕೂಗಿ ಹೇಳುವುದಿಲ್ಲ. ಹಿಂದಿನ ಸಾಲಿನವರಿಗೆ ಕೇಳಿಸುವ ಹಾಗೆ ಹೇಳಿದೆನಂತೆ, ನರ್ಸ್ ಆಮೇಲೆ ನಕ್ಕಳು.

ಮೂಳೆಯ ಡಾಕ್ಟರು ಬಂದರು, ಹಿಂದಿನ ಸಲ ಬಂದವರೇ. ಕೈ ಮುಂದೆ ಮಾಡಿದರು. ನಾನು ಮತ್ತೆ ಹೇಳಿದೆ. ಅವರು ನನ್ನ ಮುಖ ನೋಡಿದರು. ಲಿಫ್ಟಿನವರು ಇಬ್ಬರಿಗೂ ನೆನಪಾಗಿದ್ದರೆಂದು ಕಾಣುತ್ತದೆ. ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ನೀನು ನೋಡಿದ್ದೀಯಲ್ಲ, ಸಾಕು," ಎಂದರು. ಆಮೇಲೆ ಬಂದ ಸರ್ಜನ್‌ಗೆ ಅದನ್ನು ನನಗಿಂತ ಮೊದಲೇ ಅವರು ಹೇಳಿದರು.

ಬಣ್ಣದವರು ಉಳಿದರು. ಮೂಳೆಗೆ ತಗಡು ಹಾಕಿದ್ದಾರೆ. ನಿನ್ನೆ ಚಹಾ ಬೇಕೆಂದು ರಂಪ ಮಾಡಿದರು. ಮುಂದಿನವರು ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೂ ನಾನು ಇಲ್ಲೇ ಇರುತ್ತೇನೆ.

ಒಂದು ಬರೆಯುವುದು ಬಿಟ್ಟೆ. ಆಪರೇಷನ್ ಕೋಣೆಗೆ ಒಯ್ಯುವ ಮುಂಚೆ ಅವರು ಸುಮ್ಮನಾಗಿದ್ದರು. ಕಣ್ಣು ಮುಚ್ಚಿತ್ತು. ಎರಡು ಸಲ ಕರೆದೆ, ಬಿಡಲಿಲ್ಲ. ನಾಡಿ ಇತ್ತು, ಉಸಿರಿತ್ತು. ಬಾಗಿಲ ಹೊರಗೆ ಅವರ ಮಗಳನ್ನು ಒಬ್ಬರು ಹಿಡಿದುಕೊಂಡು ನಿಂತಿದ್ದರು, ಶಾಲೆಯಿಂದ ನೇರವಾಗಿ ಕರೆತಂದಿದ್ದರು, ಬೆನ್ನಿನ ಮೇಲೆ ಇನ್ನೂ ಬ್ಯಾಗಿತ್ತು. ಮಕ್ಕಳನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ನಾನು ಹೋಗಿ ಕರೆದುಕೊಂಡು ಬಂದೆ. "ಅಲುಗಾಡಿಸ್ಬೇಡ, ಕೈ ಮಾತ್ರ ಹಿಡ್ಕೋ," ಎಂದೆ. ಅವಳು ಬಣ್ಣ ಮೆತ್ತಿದ ಆ ಕೈ ಹಿಡಿದುಕೊಂಡು ನಿಂತಳು. ನಾನು ಅವರ ಕಿವಿಯ ಹತ್ತಿರ ಬಗ್ಗಿ, "ನಿಮ್ಮ ಮಗಳು ಬಂದಿದ್ದಾಳೆ, ಕಣ್ಣು ಬಿಡಿ," ಎಂದೆ.

ಬಿಟ್ಟರು.

ನಿನ್ನ ಮಗಳು